ಕೋಳಿಕಾಲು ಜೀಪು ಮತ್ತು ಹತ್ತಿಂಚಿನ ಟೈರು

29 ಏಪ್ರಿಲ್ 2001, ಭಾನುವಾರ

ಇವತ್ತಿನಿಂದ ಡೈರಿ ಬರೆಯುತ್ತೇನೆ. ಬಾಯಿಬಿಟ್ಟು ಹೇಳಿಕೊಂಡರೆ ಜ್ಯೋತಿ ನಗುತ್ತಾಳೆ. ಹೆಂಡತಿ ಒಬ್ಬಳು ನಕ್ಕರೆ ಹೇಗೋ ಸಹಿಸಬಹುದು. ಇವತ್ತು ಅವಳ ತವರೂರೇ ನಕ್ಕಿದೆ.

ದಬ್ಬೇಘಟ್ಟದಲ್ಲಿ ಮಧುಶ್ರೀ ನಿಶ್ಚಿತಾರ್ಥ. ಜ್ಯೋತಿಯ ಅಣ್ಣ ಮೈಲಾರಿಯ ಮಗಳು. ತಿಪಟೂರಿನಿಂದ ಜ್ಯೋತಿ, ನಾನು, ಒಂದು ಗೊನೆ ಬಾಳೆಹಣ್ಣು, ಎಲ್ಲರೂ ನನ್ನ ಜೀಪಿನಲ್ಲೇ ಹೊರಟೆವು. ಹಿಂದಿನ ದಿನ ಮಳೆ ಹುಯ್ದು ನಾಲೆ ಪಕ್ಕದ ದಾರಿ ಕಲಸಿದ ಹಿಟ್ಟಾಗಿತ್ತು. ಮೈಲಾರಿ ಮನೆಯ ಚಪ್ಪರ ಕಾಣುವ ಜಾಗದಲ್ಲೇ ಜೀಪು ಹೂತುಕೊಂಡಿತು. ಗೇರು ಹಾಕಿದಷ್ಟೂ ಒಳಕ್ಕೆ ಹೋಯಿತು.

ಮೈಲಾರಿ ಎತ್ತು ಹೊಡೆದುಕೊಂಡು ಬಂದ. ಎತ್ತು ಎಳೆದವು, ಜೀಪು ಬಂತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಬೀಗರೆಲ್ಲ ಕಾಫಿ ಲೋಟ ಹಿಡಿದು ನೋಡುತ್ತಿರುವಾಗ ನನ್ನ ಟೈರಿಗೆ ಒಂದು ಒದೆ ಕೊಟ್ಟು, “ಇದೇನ್ ಬಾವ, ಮೈ ನೋಡಿದ್ರೆ ಕೋಣದಂಗೈತೆ, ಕಾಲು ನೋಡಿದ್ರೆ ಕೋಳೀದು! ಕೋಳಿಕಾಲು ಜೀಪು ಕಣಪ್ಪ ಇದು!” ಅಂದ.

ಬೀಗರು ನಕ್ಕರು. ಪುರೋಹಿತರೂ ನಕ್ಕರು. ಜ್ಯೋತಿ ಸೆರಗು ಬಾಯಿಗಿಟ್ಟುಕೊಂಡಳು, ಅದು ನಗುವುದಕ್ಕಿಂತ ಕೆಟ್ಟದ್ದು.

ಇಪ್ಪತ್ತು ವರ್ಷದಿಂದ ಕೊಬ್ಬರಿ ಮಂಡಿ ನಡೆಸುತ್ತಿರುವ ಕಾಂತೇಶ್ ನಾನು. ನನ್ನನ್ನು ನೋಡಿ ನಗುವುದೇ? ಇನ್ನು ಈ ಡೈರಿಯಲ್ಲಿ ಅವನ ಹೆಸರು ಬರೆಯುವುದಿಲ್ಲ. ‘ದಬ್ಬೇಘಟ್ಟದವನು’ ಅಂತಷ್ಟೇ. ಮಾತೂ ಬಂದ್.

ಆದರೆ ಮದುವೆಗೆ ಹೋಗಲೇಬೇಕು. ಜೂನ್ ಹತ್ತು, ತುರುವೇಕೆರೆ ಛತ್ರ. ಮಧು ಚೋಟುದ್ದ ಇದ್ದಾಗ ನನ್ನ ಜೀಪಿನ ಬಾನೆಟ್ ಮೇಲೆ ಕೂತು, “ಮಾವ, ನಾನು ಮದ್ವೆ ಹೆಣ್ಣಾದಾಗ ಇದ್ರಲ್ಲೇ ಹೋಗೋದು” ಅಂದಿದ್ದಳು. ನಾನು ಅವಳ ತಲೆ ಮುಟ್ಟಿ ಹೂಂ ಅಂದಿದ್ದೆ. ನಮಗೆ ಮಕ್ಕಳಿಲ್ಲ. ಆ ಹುಡುಗಿಗೆ ಕೊಟ್ಟ ಮಾತು ತಪ್ಪುವವನಲ್ಲ ನಾನು. ಜೀಪು ಹೋಗುತ್ತದೆ. ಆದರೆ ಕೋಳಿಕಾಲಿನಲ್ಲಿ ಹೋಗುವುದಿಲ್ಲ.

3 ಮೇ, ಗುರುವಾರ

ಸಿಕ್ಕಿತು! ಚಿಕ್ಕನಾಯಕನಹಳ್ಳಿ ಕಡೆಯ ಗಣಿ ಕಂಟ್ರಾಕ್ಟರೊಬ್ಬ ತನ್ನ ವಿದೇಶಿ ಗಾಡಿಯ ನಾಲ್ಕು ಟೈರು ಮಾರುತ್ತಿದ್ದ. ಪಂಚರ್ ಅಂಗಡಿ ಅಣ್ಣಯ್ಯನನ್ನು ಕರೆದುಕೊಂಡು ಹೋಗಿ ತಂದೆ. ಒಂದೊಂದೂ ಹತ್ತಿಂಚಿಗೂ ಮೀರಿ ಅಗಲ. ಮೈಮೇಲೆ ಮೊಸಳೆ ಬೆನ್ನಿನಂಥ ಗುಬುಟು. ನನ್ನ ಹಳೇ ಟೈರು ಇದರ ಪಕ್ಕ ಸೈಕಲ್ಲಿನದು ಅನ್ನಿಸಿತು.

“ಇದು ನಮ್ ರಿಮ್ಮಿಗೆ ಕೂರ್ತದೇನೋ?” ಅಂದೆ.

“ತೂತು ಅದೂ ಹದಿನಾರಿಂಚು, ಇದೂ ಹದಿನಾರಿಂಚು. ಕೂರ್ದೆ ಎಲ್ಲೋಯ್ತದೆ ಬುಡಿ ಸಾಮಿ,” ಅಂದ ಅಣ್ಣಯ್ಯ. ಧೈರ್ಯವಂತ. ಇಂಥವನು ಊರಿಗೊಬ್ಬ ಬೇಕು.

5 ಮೇ, ಶನಿವಾರ

ಕೂತಿತು. ಮೂರು ಜನ ಸೇರಿ, ಹಾರೆ ಹಾಕಿ, ಸೋಪಿನ ನೀರು ಬಳಿದು ಕೂರಿಸಿದರು. ರಿಮ್ಮಿನ ಎರಡೂ ಕಡೆ ಟೈರು ಉಬ್ಬಿಕೊಂಡು ಹೊರಗೆ ಬಂದಿದೆ. ನೋಡುವುದಕ್ಕೆ ಕುಸ್ತಿ ಪೈಲ್ವಾನನ ಭುಜದ ಹಾಗಿದೆ. ಜೀಪು ಎರಡಿಂಚು ಎತ್ತರವಾಗಿದೆ. ಜ್ಯೋತಿಗೆ ಗೊತ್ತಾಗಲಿಲ್ಲವಂತೆ. ಹೆಂಗಸರಿಗೆ ಇಂಥದ್ದೆಲ್ಲ ಕಾಣುವುದಿಲ್ಲ.

ಒಂದು ಚಿಕ್ಕ ವಿಷಯ. ಸ್ಟೀರಿಂಗು ಬಲಕ್ಕೆ ಪೂರ್ತಿ ತಿರುಗುತ್ತದೆ. ಎಡಕ್ಕೆ ತಿರುಗಿಸಿದರೆ ಟೈರು ಸ್ಪ್ರಿಂಗ್ ಪಟ್ಟಿಗೆ ಉಜ್ಜಿ ಹಂದಿ ಕಿರುಚಿದ ಹಾಗೆ ಕಿರುಚುತ್ತದೆ. ಮನೆಯಿಂದ ಮಂಡಿಗೆ ಎಡಕ್ಕೆ ಒಂದೇ ಒಂದು ತಿರುವು. ಅದರ ಬದಲು ಬಲಕ್ಕೆ ಮೂರು ತಿರುವು ಹೊಡೆದರೆ ಅಲ್ಲಿಗೇ ಬರುತ್ತದೆ. ಇವತ್ತು ಹರಾಜಿನ ದಿನ. ಬಸ್‌ಸ್ಟ್ಯಾಂಡು, ಪೇಟೆ ಬೀದಿ ಎಲ್ಲ ಸುತ್ತಿ ಮಂಡಿ ಸೇರಿದೆ. ಇಡೀ ತಿಪಟೂರು ಜೀಪು ನೋಡಿತು. ಇದೂ ಒಂದು ಲಾಭವೇ.

6 ಮೇ, ಭಾನುವಾರ

ಬೋರ್ಡು ಬರೆಯುವ ಶ್ರೀರಂಗಯ್ಯನಿಗೆ ಜೀಪಿನ ಹಿಂದೆ ‘ಗಂಡುಗಲಿ’ ಅಂತ ಬರೆಯಲು ಹೇಳಿದೆ. ಮದುವೆ ಸೀಸನ್ನು, ಛತ್ರದ ಬೋರ್ಡುಗಳೇ ಬೇಕಾದಷ್ಟಿವೆ, ಮುಂದಿನ ತಿಂಗಳು ಬರುತ್ತೇನೆ ಅಂದ. ಬರಲಿ.

14 ಮೇ, ಸೋಮವಾರ

ಕೆಟ್ಟ ದಿನ.

ಜೂನ್ ಐದಕ್ಕೆ ಜೀಪಿಗೆ ಹದಿನೈದು ವರ್ಷ ತುಂಬುತ್ತದೆ. ಅಷ್ಟರೊಳಗೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ಪಾಸು ಮಾಡಿಸಿದರೆ ಇನ್ನೈದು ವರ್ಷ ಓಡಿಸಬಹುದು. ಇಲ್ಲದಿದ್ದರೆ ಆರನೇ ತಾರೀಕಿನಿಂದ ರಸ್ತೆಗೆ ಇಳಿಸುವ ಹಾಗಿಲ್ಲ. ಮದುವೆ ಹತ್ತಕ್ಕೆ. ಅದಕ್ಕೆ ನಾಲ್ಕು ದಿನ ಮೊದಲೇ ಜೀಪು ಕೈತಪ್ಪುತ್ತದೆ.

ಮೋಟಾರು ಇನ್‌ಸ್ಪೆಕ್ಟರ್ ಹೆಸರು ರೇವಣಸಿದ್ದಯ್ಯ. ತೆಳ್ಳಗಿನ ಮನುಷ್ಯ, ಸಿಟ್ಟೇ ಬಾರದ ಜಾತಿ. ನನಗೆ ಅಂಥವರನ್ನು ಕಂಡರೆ ಸಿಟ್ಟು. ಲೈಟು ನೋಡಿದರು, ಹಾರನ್ನು ನೋಡಿದರು, ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏಳಲೇ ಇಲ್ಲ.

“ಕಾಂತೇಶ್ ಅವ್ರೇ, ಇದು ನಿಮ್ ಜೀಪಿನ ಟೈರಲ್ಲ.”

“ದುಡ್ಡು ಕೊಟ್ಟು ತಂದಿದೀನಿ ಸಾರ್, ನಂದೇ.”

“ನಿಮ್ದೇ ಕಣ್ರೀ. ಜೀಪಿಂದಲ್ಲ.” ಒಂದು ಚಾರ್ಟು ತಂದು ಬಾನೆಟ್ ಮೇಲೆ ಹರಡಿದರು. ಯಾವ ಅಗಲದ ಟೈರಿಗೆ ಎಷ್ಟು ಅಗಲದ ರಿಮ್ಮು ಅಂತ ಅದರಲ್ಲಿ ಸಾಲು ಸಾಲಾಗಿ ಇದೆ. ನನ್ನ ಟೈರಿಗೆ ಕಡಿಮೆ ಅಂದರೂ ಏಳಿಂಚಿನ ರಿಮ್ಮು ಬೇಕು. ನನ್ನ ರಿಮ್ಮು ನಾಲ್ಕೂವರೆ. “ಅಗಲದ ಟೈರನ್ನ ಕಿರಿದಾದ ರಿಮ್ಮಿಗೆ ಹಾಕಿದ್ರೆ ನಡು ಉಬ್ಬುತ್ತೆ, ಅಂಚಿಗೆ ಹಿಡಿತ ಇರಲ್ಲ. ಒಂದಿನ ತಿರುವಲ್ಲಿ ಟೈರು ಒಂದ್ಕಡೆ, ನೀವೊಂದ್ಕಡೆ. ಅದಕ್ಕೇ ಕಾನೂನು. ಆಮೇಲೆ ಇದು ಮಡ್‌ಗಾರ್ಡಿಂದ ಆಚೆಗೂ ಬಂದಿದೆ, ಅದೂ ನಡೆಯಲ್ಲ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರಿಗೆ ಪಾಸು ಮಾಡುವ ಮನಸ್ಸಿಲ್ಲ, ಚಾರ್ಟು ತೋರಿಸುತ್ತಾರೆ. ಹೊರಡುವಾಗ ಅವರೇ ಬಂದು, “ಗೇಟಿಂದ ಎಡಕ್ಕೆ ತಿರುಗಿ” ಅಂದರು. ನಾನು ಬಲಕ್ಕೆ ತಿರುಗಿಸಿದೆ. ನೋಡುತ್ತಾ ನಿಂತಿದ್ದರು.

17 ಮೇ, ಗುರುವಾರ

ಏಳಿಂಚಿನ ರಿಮ್ಮು ತಾನೇ? ತುಮಕೂರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ನಾಲ್ಕು ರಿಮ್ಮು ಹುಡುಕಿದೆ. ನಾನೇ ಟೇಪು ಹಿಡಿದು ಅಳೆದೆ. ಸರಿಯಾಗಿ ಏಳಿಂಚು. ಅಂಗಡಿಯವನು ಅದೇನೋ ಆರು ಅಂತ ಗೊಣಗಿದ. ನಾನು ಅವನಿಗೆ, “ಉಂಡೆ ಕೊಬ್ಬರಿ ಅಳೆದು ಅಳೆದು ಬದುಕಿರೋನು ನಾನು. ಅಳತೆ ಬಳೆಯೊಳಗೆ ತೂರಿಸಿ, ಈ ಹೊರಮೈಯಿಂದ ಆ ಹೊರಮೈಗೆ ನೋಡಿ, ಕೂದಲೆಳೆ ವ್ಯತ್ಯಾಸ ಹೇಳ್ತೀನಿ. ನನಗೆ ಅಳತೆ ಹೇಳ್ಕೊಡ್ತೀಯಾ?” ಅಂದೆ. ದುಡ್ಡು ಎಣಿಸಿಕೊಂಡ.

ಅಣ್ಣಯ್ಯ ಸಂಜೆಯೇ ಕೂರಿಸಿದ. ಹಳೇ ಟೈರು, ಹಳೇ ರಿಮ್ಮು ಅಂಗಳದಲ್ಲಿ ಬಿದ್ದಿದ್ದವು. ನೋಡಿದಾಗೆಲ್ಲ ಆ ಮಾತು ನೆನಪಾಗುತ್ತದೆ. “ಇವನ್ನ ಯಾರಿಗಾದ್ರೂ ಕೊಟ್ಟು ಕಣ್ಣಿಂದ ಮರೆ ಮಾಡೇ,” ಅಂದೆ ಜ್ಯೋತಿಗೆ. ಅವಳು ಹೂಂ ಅಂದಳು. ಕೆಲವು ಸಲ ಹೇಳಿದ ಮಾತು ಕೇಳುತ್ತಾಳೆ.

ಉಳಿದದ್ದು ಮಡ್‌ಗಾರ್ಡಿನಿಂದ ಟೈರು ಆಚೆ ಬಂದಿರುವ ತಕರಾರು. ಅದಕ್ಕೆ ಶೆಟ್ಟಿಕೆರೆಯ ನಮ್ಮ ತೆಂಗಿನ ತೋಟದಲ್ಲಿ ಉಪಾಯ ಹೊಳೆದಿದೆ. ಬರೆಯುವುದಿಲ್ಲ. ಮಾಡಿ ತೋರಿಸುತ್ತೇನೆ.

21 ಮೇ, ಸೋಮವಾರ

ತೆಂಗಿನ ಹೊಂಬಾಳೆ ಒಣಗಿದ ಮೇಲೆ ಅದರ ಕವಚ ದೋಣಿ ಥರ ಬಾಗಿ ಮರದಿಂದ ಬೀಳುತ್ತದಲ್ಲ, ಅದು ಮಡ್‌ಗಾರ್ಡಿನ ಅಂಚಿಗೆ ಹೇಳಿ ಮಾಡಿಸಿದ ಹಾಗಿದೆ. ನಾಲ್ಕು ಆರಿಸಿ, ಡಾಂಬರು ಬಳಿದು, ತಂತಿ ಬಿಗಿದು ಕೂರಿಸಿದ್ದೆ. ದೂರದಿಂದ ನೋಡಿದರೆ ಫ್ಯಾಕ್ಟರಿ ಮಾಲು. ದೂರದಿಂದಲೇ ನೋಡಿದ್ದರೆ ಪಾಸಾಗುತ್ತಿತ್ತು.

ರೇವಣಸಿದ್ದಯ್ಯ ಹತ್ತಿರ ಬಂದು ಬೆರಳಲ್ಲಿ ಟಕ್ ಟಕ್ ಅನ್ನಿಸಿದರು. “ಇದು ಯಾವ ಕಂಪನೀದು?”

“ನಮ್ ತೋಟದ್ದೇ ಸಾರ್.”

ಒಂದು ಕಳಚಿ ಅವರ ಕಾಲ ಮೇಲೆ ಬಿತ್ತು. ಅವರು ಅದನ್ನು ಎತ್ತಿ, ತಿರುಗಿಸಿ ನೋಡಿ, ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು. ಡಾಂಬರು ಇಬ್ಬರ ಕೈಗೂ ಅಂಟಿತು. ಆಮೇಲೆ ರಿಮ್ಮಿಗೆ ಅಂಟಿದ ಕೆಸರು ಒರೆಸಿದರು. ಅಲ್ಲಿ ‘6’ ಅಂತ ಅಚ್ಚು ಒತ್ತಿತ್ತು.

“ಏಳಿಂಚಿದೆ ಸಾರ್! ಅಳೆದಿದೀನಿ!”

“ಹೊರಗಿಂದ ಅಳೆದ್ರೇನ್ರಿ?”

“ಮತ್ತೆಲ್ಲಿಂದ ಅಳೀತಾರೆ?”

“ಒಳಗಿಂದ ಕಣ್ರೀ. ಟೈರು ಕೂರೋ ಜಾಗದಿಂದ ಟೈರು ಕೂರೋ ಜಾಗಕ್ಕೆ. ಹೊರಗಿನ ಅಂಚು ಲೆಕ್ಕಕ್ಕಿಲ್ಲ.”

ಕೊಬ್ಬರಿಗೆ ಹೊರಮೈ ಅಳತೆ, ರಿಮ್ಮಿಗೆ ಒಳಮೈ ಅಳತೆ. ಒಂದೇ ದೇಶದಲ್ಲಿ ಎರಡು ನ್ಯಾಯ. ಆರಿಂಚಿನ ರಿಮ್ಮು ನನ್ನ ಟೈರಿಗೂ ಆಗುವುದಿಲ್ಲ, ನನ್ನ ಜೀಪಿಗೂ ಆಗುವುದಿಲ್ಲ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು.

“ಒಂದ್ಕೆಲಸ ಮಾಡಿ,” ಅಂದರು. “ಜೀಪಿನ ಜೊತೆ ಬಂದಿದ್ದ ಚಕ್ರ ಇದಾವಲ್ಲ, ಅವನ್ನೇ ಹಾಕ್ಕೊಂಬನ್ನಿ. ಕಣ್ಣು ಮುಚ್ಕೊಂಡು ಪಾಸ್ ಮಾಡ್ತೀನಿ. ಕಣ್ಣು ಬಿಟ್ಕೊಂಡೇ ಮಾಡ್ತೀನಿ.”

ಮನೆಗೆ ಬಂದು ಜ್ಯೋತಿಯನ್ನು ಕೇಳಿದೆ, ಹಳೇ ಚಕ್ರ ಎಲ್ಲಿ.

“ನೀವೇ ಕಣ್ಣಿಂದ ಮರೆ ಮಾಡು ಅಂದ್ರಲ್ರೀ. ಅಣ್ಣನ ಎತ್ತಿನ ಗಾಡಿ ಚಕ್ರ ಮುರಿದಿತ್ತು. ಕಾಯಿ ಲಾರೀಲಿ ನಾಲ್ಕೂ ದಬ್ಬೇಘಟ್ಟಕ್ಕೆ ಕಳಿಸ್ದೆ.”

22 ಮೇ

ಇಲ್ಲ.

23 ಮೇ

ಸಾಧ್ಯವೇ ಇಲ್ಲ. ಅವನ ಹತ್ತಿರ ಹೋಗಿ ಕೋಳಿಕಾಲು ವಾಪಸ್ ಕೊಡು ಅಂತ ಕೇಳುವುದಕ್ಕಿಂತ ಜೀಪನ್ನು ಬೋರನಕಣಿವೆ ನೀರಿಗೆ ತಳ್ಳುತ್ತೇನೆ.

25 ಮೇ, ಶುಕ್ರವಾರ

ತಿಪಟೂರು, ತುಮಕೂರು, ಅರಸೀಕೆರೆ, ಎಲ್ಲ ಕಡೆ ವಿಚಾರಿಸಿದೆ. ಟೈರು ಸಿಗುತ್ತದೆ, ನನ್ನ ಮಾಡೆಲಿನ ರಿಮ್ಮು ಬೆಂಗಳೂರಿನಿಂದ ತರಿಸಬೇಕು, ಜೂನ್ ಮಧ್ಯದವರೆಗೆ ಆಗುವುದಿಲ್ಲ ಅಂದರು. ಅಣ್ಣಯ್ಯ, “ರಿಮ್ಮು ಸೀಳಿ ನಡುವೆ ತಗಡು ಬೆಸ್ದುಬುಡಣ” ಅಂದ. ಬೆಸುಗೆ ಹಾಕಿದ ರಿಮ್ಮು ಕಂಡರೆ ಜೀಪೇ ಸೀಜು ಅಂತ ರೇವಣಸಿದ್ದಯ್ಯ ಮೊದಲೇ ಹೇಳಿದ್ದಾರೆ. ಅಣ್ಣಯ್ಯನ ಧೈರ್ಯದ ಬಗ್ಗೆ ಮೊದಲು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

30 ಮೇ, ಬುಧವಾರ

ಮಧು ಬಂದಿದ್ದಳು, ಲಗ್ನಪತ್ರಿಕೆ ಕೊಡಲು, ಅವಳ ಅಮ್ಮನ ಜೊತೆ. ಬಂದವಳೇ ಜೀಪಿನ ಸುತ್ತ ಒಂದು ಸುತ್ತು ಬಂದಳು. ಆ ಟೈರಿನ ಮೇಲೆ ಕೈಯಾಡಿಸಿದಳು. ಒಂದು ಹೊಂಬಾಳೆ ಇನ್ನೂ ನೇತಾಡುತ್ತಿತ್ತು, ಅದನ್ನು ಮೆಲ್ಲಗೆ ತಂತಿಗೆ ಸಿಕ್ಕಿಸಿದಳು. ಒಳ್ಳೆಯ ಹುಡುಗಿ.

ಹೊರಡುವಾಗ ಮೆಲ್ಲಗೆ ಕೇಳಿದಳು: “ಮಾವ, ಜೀಪು ಬತ್ತದೆ ತಾನೇ? ಅಪ್ಪ ಕಾರು ಹೇಳ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ.”

“ಬತ್ತದೆ ಕಣವ್ವ,” ಅಂದೆ.

ಏನು ನೆಚ್ಚಿಕೊಂಡು ಅಂದೆನೋ ಗೊತ್ತಿಲ್ಲ. ಅವಳ ಅಪ್ಪ ಕಾರು ಹೇಳುತ್ತೇನೆ ಅಂದನಂತೆ. ಮೈಲಾರಿಗೆ ಅಷ್ಟೂ ನಂಬಿಕೆಯಿಲ್ಲವೇ ನನ್ನ ಮೇಲೆ?

3 ಜೂನ್, ಭಾನುವಾರ

ದಬ್ಬೇಘಟ್ಟಕ್ಕೆ ಬಸ್ಸಿನಲ್ಲಿ ಹೋದೆ. ಜೀಪಿನಲ್ಲಿ ಹೋಗಬಹುದಿತ್ತು, ದಾರಿಯಲ್ಲಿ ಎಡ ತಿರುವು ಬಹಳ.

ಬಸ್ಸಿಳಿದು ನಾಲೆ ಏರಿ ಮೇಲೆ ಹೋಗುತ್ತಿದ್ದರೆ ಎದುರಿಗೇ ಗಾಡಿ ಬಂತು. ಮೈಲಾರಿ ಹೊಡೆಯುತ್ತಿದ್ದ, ಹಿಂದೆ ಎಳನೀರು ರಾಶಿ, ಕೆಳಗೆ ನನ್ನ ಎರಡು ಚಕ್ರ. ಎಷ್ಟು ನಯವಾಗಿ ಉರುಳುತ್ತಿದ್ದವು! ನಾನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

“ಬಾವ!” ಅಂತ ಅವನು ಧುಮುಕಿದ. ಧುಮುಕಿ ಅಲ್ಲೇ ನಿಂತ. ಅವನಿಗೂ ಮುಂದೇನು ಅಂತ ತಿಳಿಯಲಿಲ್ಲ. ಎತ್ತು ಎರಡೂ ನಮ್ಮ ಮುಖ ನೋಡಿದವು.

“ಚಕ್ರ ಬೇಕಾಗಿತ್ತು,” ಅಂದೆ. “ಇನ್‌ಸ್ಪೆಕ್ಟ್ರು ಅವೇ ಆಗಬೇಕು ಅಂತಾರೆ. ಮಧೂಗೆ ಮಾತು ಕೊಟ್ಟಿದೀನಿ.”

ನಗುತ್ತಾನೆ ಅಂತ ಕಾದೆ. ನಗಲಿಲ್ಲ. “ಅಯ್ಯೋ, ಅದಕ್ಕೆ ನೀನ್ಯಾಕೆ ಬಂದೆ, ಹೇಳಿ ಕಳಿಸಿದ್ರೆ ಹೊತ್ಕೊಂಡ್ ಬತ್ತಿರ್ಲಿಲ್ವಾ? ಎರಡು ಗಾಡೀಗೈತೆ, ಎರಡು ಅಟ್ಟದ ಮೇಲೈತೆ. ಆ ಎರಡ್ನ ಯಾಕೆ ಇಟ್ಟಿದ್ದೆ ಗೊತ್ತಾ? ಜ್ಯೋತಿ ಕಳಿಸಿದ್ ದಿನವೇ ನನ್ ಹೆಂಡ್ತಿ ಅಂದ್ಲು, ಆ ಯಪ್ಪಂಗೆ ಇದು ಮತ್ತೆ ಬೇಕಾಯ್ತದೆ, ಮಾರ್ಬ್ಯಾಡ ಅಂತ.”

ಈ ಮನೆಯ ಹೆಂಗಸರೆಲ್ಲ ನನ್ನನ್ನು ಓದಿಕೊಂಡಿದ್ದಾರೆ.

ನಾಲ್ಕೂ ಚಕ್ರ ತೆಗೆದದ್ದಾಯಿತು. ಗಾಡಿ ಕಲ್ಲಿನ ಮೇಲೆ ಕೂತಿತು. ಬಾವ ಅದನ್ನು ನೋಡಿ ತಲೆ ಕೆರೆದುಕೊಂಡ. “ಮದ್ವೆ ವಾರ ಗಾಡಿ ಇಲ್ದಿದ್ರೆ ಸೌದೆ, ಎಲೆ ಎಲ್ಲಾ ತಲೆ ಮೇಲೆ ಹೊರ್ಬೇಕಲ್ಲ ಬಾವ.”

“ನನ್ ಹತ್ರ ನಾಲ್ಕಿದಾವೆ,” ಅಂದೆ. “ಸಿಕ್ಕಾಪಟ್ಟೆ ಅಗಲ.”

ನಾಳೆ ಕಾಯಿ ಲಾರಿಯಲ್ಲಿ ಅದಲು ಬದಲು ಅಂತಾಯಿತು. ಊಟ ಮಾಡಿಸದೆ ಬಿಡಲಿಲ್ಲ. ಅವರೆಬೇಳೆ ಸಾರು. ಎರಡು ಮುದ್ದೆ ಉಂಡೆ. ಬಹಳ ದಿನದಿಂದ ಸರಿಯಾಗಿ ಹಸಿವೇ ಆಗಿರಲಿಲ್ಲ, ಯಾಕೋ.

5 ಜೂನ್, ಮಂಗಳವಾರ

ಪಾಸು!

ರೇವಣಸಿದ್ದಯ್ಯ ರಿಮ್ಮು ಅಳೆದರು, ಒಳಗಿನಿಂದ. ನಾನೂ ಪಕ್ಕದಲ್ಲಿ ಕೂತು ನೋಡಿದೆ. ನಾಲ್ಕೂವರೆ. ಚಾರ್ಟಿನಲ್ಲೂ ನಾಲ್ಕೂವರೆ. ಸರಿಯಾದದ್ದು ಸರಿಯಾಗಿ ಕೂತರೆ ನೋಡುವುದಕ್ಕೂ ಒಂದು ಚೆಂದ, ಸುಳ್ಳು ಹೇಳಬಾರದು.

“ಆ ದೊಡ್ಡೋವು ಏನ್ ಮಾಡಿದ್ರಿ?” ಅಂತ ಕೇಳಿದರು.

“ಎತ್ತಿನ ಗಾಡಿಗೆ ಹಾಕಿದೀವಿ ಸಾರ್. ಆ ಆರಿಂಚಿನ ರಿಮ್ಮಿನ ಸಮೇತ. ತಪ್ಪಾ?”

ಅವರು ಚಾರ್ಟು ಮಡಚುತ್ತಾ ಬಹಳ ಯೋಚನೆ ಮಾಡಿದರು. “ಎತ್ತಿನ ಗಾಡಿ ಇದ್ರಲ್ಲಿ ಇಲ್ಲ. ಎತ್ತು ಓಡೋ ಸ್ಪೀಡಿಗೆ ಏನೂ ಆಗಲ್ಲ ಬಿಡಿ.” ಗೇಟಿನಿಂದ ಎಡಕ್ಕೆ ತಿರುಗಿದೆ. ಕೈ ಬೀಸಿದರು.

11 ಜೂನ್, ಸೋಮವಾರ

ನಿನ್ನೆ ಮದುವೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಗಿನ ಜಾವದಿಂದ ಮಳೆ. ಜೀಪಿಗೆ ಹೊಂಬಾಳೆ ಕಟ್ಟಿದ್ದೆ, ಈ ಸಲ ಹಸಿಯದು, ಶೃಂಗಾರಕ್ಕೆ. ಮಧು ಧಾರೆ ಸೀರೆ ಉಟ್ಟು, ಬಾಸಿಂಗ ಕಟ್ಟಿಕೊಂಡು ನನ್ನ ಪಕ್ಕ ಕೂತಳು. ಹಿಂದೆ ಜ್ಯೋತಿ, ಅತ್ತಿಗೆ, ಕಳಶ ಹಿಡಿದ ಹೆಂಗಸರು. ಬೀಗರ ಕಡೆಯವರು ಹೆಣ್ಣು ಕರೆದೊಯ್ಯಲು ಬಂದಿದ್ದರು. ಮನೆ ಬಿಟ್ಟು ನಾಲೆ ಪಕ್ಕಕ್ಕೆ ಬಂದೆವು. ಅದೇ ಜಾಗ. ಆ ದೇವರಿಗೆ ಬೇರೆ ಜಾಗ ಸಿಗಲಿಲ್ಲ. ಹೂತುಕೊಂಡಿತು.

ಗೇರು ಹಾಕಿದೆ, ಒಳಕ್ಕೆ ಹೋಯಿತು. ಯಾರೋ, “ಹೆಣ್ಣನ್ನ ಇಳಿಸಿ, ಬೀಗ್ರ ಕಾರೈತೆ, ಮುಹೂರ್ತ ಮೀರ್ತದೆ” ಅಂದರು. ನಾನು ಸ್ಟೀರಿಂಗ್ ಹಿಡಿದು ಮುಂದಕ್ಕೆ ನೋಡುತ್ತಾ ಕೂತೆ. ಪಕ್ಕಕ್ಕೆ ತಿರುಗುವ ಧೈರ್ಯ ಆಗಲಿಲ್ಲ.

“ನಾನು ಇಳಿಯಾಕಿಲ್ಲ,” ಅಂದಳು ಮಧು. “ಮಾವನ ಜೀಪಲ್ಲೇ ಹೋಗೋದು. ಎಳೀರಿ.”

ಕಣ್ಣಲ್ಲಿ ನೀರು ಬಂತು. ಮಳೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಮೈಲಾರಿ ಬಾವ ಗಾಡಿ ಹೊಡೆದುಕೊಂಡು ಬಂದ. ಆ ಹತ್ತಿಂಚಿನ ಟೈರು ಕೆಸರಿನ ಮೇಲೆ ಹೋಗುವುದನ್ನು ನೋಡಬೇಕಿತ್ತು! ಬಾತುಕೋಳಿ ಥರ ತೇಲಿಕೊಂಡು ಹೋಯಿತು. ನನ್ನ ಆಯ್ಕೆ ಎಷ್ಟಾದರೂ ಆಯ್ಕೆಯೇ, ಗಾಡಿ ಮಾತ್ರ ಬೇರೆಯಾಯಿತು. ಬಾವ ಗಾಡಿಯನ್ನು ಜೀಪಿನ ಮುಂದೆ ತಂದು, ತೆಂಗಿನ ನಾರಿನ ಹಗ್ಗ ಬಂಪರಿಗೆ ಬಿಗಿದ. ಬಿಗಿದು ನನ್ನ ಮುಖ ನೋಡಿದ. ಎಲ್ಲರಿಗೂ ಆ ಮಾತು ನೆನಪಿತ್ತು, ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಅವನು ತುಟಿ ಕಚ್ಚಿಕೊಂಡು ಎತ್ತಿನ ಕಡೆ ತಿರುಗಿದ.

ಇವನು ಹೀಗೆ ಉಸಿರು ಕಟ್ಟಿಕೊಂಡರೆ ಮಗಳ ಮದುವೆ ದಿನ ಏನಾದರೂ ಹೆಚ್ಚುಕಮ್ಮಿ ಆದೀತು ಅನ್ನಿಸಿತು. ತಲೆ ಹೊರಗೆ ಹಾಕಿ ನಾನೇ ಕೂಗಿದೆ: “ಕೋಳಿಕಾಲು ಕಣೋ ಬಾವ, ಮೆಲ್ಲಗೆ ಎಳಿ, ಮುರಿದುಗಿರಿದೀತು!”

ಅವನು ಕೆಸರಲ್ಲೇ ಕೂತು ನಕ್ಕ. ಪುರೋಹಿತರು ಕೊಡೆ ಬಿಟ್ಟು ನಕ್ಕರು. ಮಧು ನಕ್ಕು ನಕ್ಕು ಬಾಸಿಂಗ ಸೊಟ್ಟಗಾಗಿ ಅವಳಮ್ಮ ಬೈದರು. ಜ್ಯೋತಿ ಈ ಸಲ ಸೆರಗು ಬಾಯಿಗಿಟ್ಟುಕೊಳ್ಳಲಿಲ್ಲ, ಬಾಯಿ ಬಿಟ್ಟೇ ನಕ್ಕಳು. ಅವಳು ಹಾಗೆ ನಕ್ಕರೆ ಚೆಂದ ಕಾಣುತ್ತಾಳೆ.

ಮುಂದೆ ಎತ್ತು, ಹಿಂದೆ ಗಾಡಿ, ಅದರ ಹಿಂದೆ ಹಗ್ಗ, ಆಮೇಲೆ ನಾವು. ಎಂಜಿನ್ನು ಆಫು. ನಾನು ಠೀವಿಯಿಂದ ಸ್ಟೀರಿಂಗ್ ತಿರುಗಿಸುತ್ತಿದ್ದೆ, ಎಡಕ್ಕೂ ಬಲಕ್ಕೂ. ಡಾಂಬರು ರಸ್ತೆ ಬಂದ ಮೇಲೆ ಹಗ್ಗ ಬಿಚ್ಚಿ, ಬಾವನನ್ನೂ ಕೆಸರು ಪಂಚೆಯಲ್ಲೇ ಹಿಂದೆ ತುರುಕಿಕೊಂಡು, ಎಲ್ಲರಿಗಿಂತ ಮೊದಲು ಛತ್ರ ಮುಟ್ಟಿದೆ. ಮುಹೂರ್ತ ಮೀರಲಿಲ್ಲ.

ಧಾರೆ ಆದ ಮೇಲೆ ಮಧು ನನ್ನ ಕಾಲಿಗೆ ಬಿದ್ದಳು. ಏನು ಆಶೀರ್ವಾದ ಮಾಡಿದೆನೋ ನೆನಪಿಲ್ಲ.

13 ಜೂನ್, ಬುಧವಾರ

ಇವತ್ತಿನ ಹರಾಜಿನಲ್ಲಿ ಕೊಬ್ಬರಿ ಚೆನ್ನಾಗಿತ್ತು.

ಬೋರ್ಡು ಬರೆಯುವ ಶ್ರೀರಂಗಯ್ಯ ಬಣ್ಣದ ಡಬ್ಬ ಹಿಡಿದು ಬಂದ. ‘ಗಂಡುಗಲಿ’ ಹಳದಿಯಲ್ಲಿ ಬರೆಯಲೋ ಕೆಂಪಿನಲ್ಲಿ ಬರೆಯಲೋ ಅಂತ ಕೇಳಿದ. ನಾನು ಬೇರೆ ಹೆಸರು ಹೇಳಿದೆ. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

“ಪಕ್ಕದಲ್ಲಿ ಚಿತ್ರ ಬಿಡಿಸ್ಲಾ ಸಾಮಿ?” ಅಂದ.

ಬಿಡಿಸು ಅಂದೆ. ಕೋಳಿ ದಪ್ಪಗಿರಲಿ, ಕಾಲು ಮಾತ್ರ ತೆಳ್ಳಗಿರಲಿ ಅಂದೆ.